ಹಾಡಿಗೆ ಮುಂಚಿನ ಮಾತು

ಪಾದ್ರಿಯವರು ಬ್ರೌನ್ ಬ್ರೆಡ್ಡಿನ ಬಗ್ಗೆಯೇ ಮಾತಾಡಿದರು. ಡಬ್ಲಿನ್ನಿನ ಅಂಚಿನ ಟಾಲಾದ ಆ ಚರ್ಚಿನಲ್ಲಿ ಹೀಟರ್ ಹಾಕಿರಲಿಲ್ಲವೋ, ಹಾಕಿದ್ದೂ ಸಾಲುತ್ತಿರಲಿಲ್ಲವೋ, ನಾನು ಮಗಳನ್ನು ಕೋಟಿನೊಳಗೆ ಸೇರಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಶವಪೆಟ್ಟಿಗೆ ಎದುರಿಗೇ ಇತ್ತು. ಅದರೊಳಗಿದ್ದವರು ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವರು, ಒಂದು ಮಗುವನ್ನೂ ಹಸಿದ ಹೊಟ್ಟೆಯಲ್ಲಿ ಮನೆಗೆ ಕಳಿಸಿದವರಲ್ಲ, ಅವರ ಕೈಯ ಬ್ರೆಡ್ ತಿಂದು ಬೆಳೆದವರು ಈ ಬಡಾವಣೆಯ ತುಂಬ ಇದ್ದಾರೆ ಎಂದರು ಪಾದ್ರಿ. ಎಲ್ಲ ನಿಜ. ಜನ ತಲೆಯಾಡಿಸಿದರು, ಕೆಲವರು ಮೂಗು ಒರೆಸಿಕೊಂಡರು. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಹಾಡಿನ ಮಾತು ಬರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಹೊರಗೆ ಬಂದಾಗ ಶಾಲೆಯಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಹೆಂಗಸೊಬ್ಬರು ನನ್ನ ಕೈ ಹಿಡಿದುಕೊಂಡು, "ಗ್ರ್ಯಾಂಡ್ ಹೆಂಗಸು, ಅಲ್ವಾ?" ಎಂದರು. ಇಲ್ಲಿನವರಿಗೆ ಒಳ್ಳೆಯದೆಲ್ಲ ಗ್ರ್ಯಾಂಡ್.

"ಅವರು ಹಾಡ್ತಿದ್ರು. ನಿಮಗೆ ಗೊತ್ತಿತ್ತಾ?" ಎಂದೆ.

"ಹೌದಾ? ಎಲ್ಲಿ?" ಎಂದು ಆಕೆ ನಿಜಕ್ಕೂ ಬೆರಗಾದರು. ಅಷ್ಟು ವರ್ಷ ಪಕ್ಕದಲ್ಲೇ ನಿಂತು ಆಲೂಗೆಡ್ಡೆ ಸುಲಿದವರಿಗೆ ಗೊತ್ತಿರಲಿಲ್ಲ. ಗೋಡೆಯ ಈಚೆ ಮಲಗಿದ್ದ ನನಗೆ ಗೊತ್ತಿತ್ತು. ನನಗೆ, ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ, ಅಮ್ಮನ ಭಜನಾ ಮಂಡಳಿಯ ಹೆಂಗಸರಿಗೆ. ಅದು ಹೇಗಾಯಿತು ಎಂದು ಹೇಳಲೇಬೇಕು.

ನಮ್ಮ ಮನೆಯೂ ತೀರಿಕೊಂಡವರ ಮನೆಯೂ ಅಂಟಿಕೊಂಡಿವೆ. ನಡುವೆ ಒಂದೇ ಗೋಡೆ, ಹಿಂದೆ ತುಂಡು ಹುಲ್ಲು, ಮರದ ಬೇಲಿ, ಅದರಾಚೆ ಮೋಡ ಸರಿದ ದಿನ ಮಾತ್ರ ಕಾಣುವ ಬೆಟ್ಟ. ನಾನು ಆಸ್ಪತ್ರೆಯ ಲ್ಯಾಬಿಗೆ, ಗಂಡ ತನ್ನ ಕಂಪ್ಯೂಟರ್ ಕೆಲಸಕ್ಕೆ ಎಂದು ಬೆಳಿಗ್ಗೆಯೇ ಓಡುತ್ತಿದ್ದೆವು. ಪಕ್ಕದ ಮನೆಯವರನ್ನು ಕಂಡರೆ ಕೈಯೆತ್ತುವುದು, ಚಳಿಯನ್ನು ಬಯ್ಯುವುದು, ಅಷ್ಟರಲ್ಲೇ ಇತ್ತು ಸ್ನೇಹ. ಮಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಬಂದಳು. ಅಮ್ಮ ಬಂದ ಮೇಲೆ ಯಾವುದೂ ಅಷ್ಟರಲ್ಲೇ ಉಳಿಯುವುದಿಲ್ಲ.

ಅವಳ ಸೂಟ್‌ಕೇಸಿನ ತುಂಬ ಬಜೆ, ಸಾಂಬ್ರಾಣಿ, ಕೊಬ್ಬರಿ, ಅಂಟಿನುಂಡೆಯ ಡಬ್ಬಗಳು. ವಿಮಾನ ನಿಲ್ದಾಣದಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಕೇಳಿದ್ದರೆ ಅವರಿಗೂ ಒಂದೊಂದು ಉಂಡೆ ಕೊಡುತ್ತಿದ್ದಳು. ನನಗೆ ಎಣ್ಣೆನೀರು ಹಾಕಿದ ಮೊದಲ ದಿನ ಅಮ್ಮ ಸೂಪರ್ ಮಾರ್ಕೆಟ್ಟಿನ ಬಾರ್ಬೆಕ್ಯೂ ಇದ್ದಿಲನ್ನು ಹಳೆಯ ಬಾಣಲೆಯಲ್ಲಿ ಕೆಂಡ ಮಾಡಿ, ಮೇಲೆ ಧಾರಾಳವಾಗಿ ಸಾಂಬ್ರಾಣಿ ಉದುರಿಸಿ, ನನ್ನ ಒದ್ದೆ ಕೂದಲನ್ನು ಹೊಗೆಗೆ ಹಿಡಿದಳು. ಬೇಡಮ್ಮ, ಈ ದೇಶದಲ್ಲಿ ಸೂರಿನಲ್ಲೂ ಕಾವಲುಗಾರರಿದ್ದಾರೆ ಎಂದು ಹೇಳುವಷ್ಟರಲ್ಲಿ ಸ್ಮೋಕ್ ಅಲಾರಂ ಕಿರುಚತೊಡಗಿತು. ಮಗು ಕಿರುಚಿತು. ಅಮ್ಮ ಬಾಣಲೆ ಹಿಡಿದುಕೊಂಡೇ ಮನೆಯೆಲ್ಲ ಓಡಾಡಿದ್ದರಿಂದ ಮಹಡಿಯ ಅಲಾರಮ್ಮೂ ಸೇರಿಕೊಂಡಿತು.

ಬಾಗಿಲು ತಳ್ಳಿಕೊಂಡು ಒಳಬಂದವರು ಪಕ್ಕದ ಮನೆಯ ಮುದುಕಿ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಯಾರನ್ನೂ ಏನೂ ಕೇಳದೆ ಕುರ್ಚಿ ಹತ್ತಿ ಬಟ್ಟೆ ಬೀಸಿದರು, ಪೊರಕೆಯ ಹಿಡಿಯಿಂದ ಅಲಾರಮ್ಮಿನ ಗುಂಡಿ ಒತ್ತಿದರು. ಎಲ್ಲ ತಣ್ಣಗಾದ ಮೇಲೆ ನನ್ನ ಕಡೆ ತಿರುಗಿದರು. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಮೈಗೆ ಕಂಬಳಿ.

"ಇಲ್ಲಿ ಏನ್ ನಡೀತಿದೆ, ಲವ್?" ಡಬ್ಲಿನ್ನಿನ ಹಳೆಯ ಹೆಂಗಸರು ಎಲ್ಲರನ್ನೂ ಲವ್ ಎಂದೇ ಕರೆಯುವುದು.

ಹೇಳಿದೆ. ಅವರು ಮೂಗೆತ್ತಿ ಉಸಿರೆಳೆದುಕೊಂಡರು. "ನಮ್ಮಜ್ಜಿ ನನ್ನ ಎಳ್ಕೊಂಡು ಹೋಗ್ತಿದ್ದ ಚರ್ಚಲ್ಲೂ ಹೀಗೇ ವಾಸನೆ ಬರ್ತಿತ್ತು" ಎಂದು ಸೋಫಾದಲ್ಲಿ ಕೂತೇಬಿಟ್ಟರು. ಅಮ್ಮ ಅಂಟಿನುಂಡೆ ಕೊಟ್ಟಳು, ಕುಂಕುಮ ಇಟ್ಟಳು. ಅವರು ಹೋದ ಮೇಲೆ, "ನಮ್ಮ ಕಡೆಯವರ ಥರಾನೇ ಇದಾರೆ ಕಣೇ" ಎಂದಳು. ಬಣ್ಣದಲ್ಲಿ ಹೌದು. ಅವರ ತಂದೆ ಆಫ್ರಿಕಾದಿಂದ ಡಾಕ್ಟರಿಕೆ ಓದಲು ಬಂದು, ಇವರು ಹುಟ್ಟುವ ಮೊದಲೇ ವಾಪಸು ಹೋದವರು. ತಾಯಿ ಇಂಗ್ಲೆಂಡಿಗೆ ಹೊರಟವರು ತಿರುಗಿ ಬರಲಿಲ್ಲ. ಸಾಕಿದ್ದು ಅಜ್ಜಿ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅಮ್ಮ ಆವತ್ತೇ ಅವರನ್ನು ಅಕ್ಕ ಎಂದು ಕರೆದದ್ದರಿಂದ ನನ್ನ ಲೆಕ್ಕದಲ್ಲಿ ಅವರು ದೊಡ್ಡಮ್ಮ ಆದರು. ಎದುರಿಗೆ ಇಲ್ಲಿನ ರೂಢಿಯಂತೆ ಹೆಸರು ಹಿಡಿದೇ ಕರೆಯುತ್ತಿದ್ದೆ. ಹಾಗೆ ಕರೆದಾಗಲೆಲ್ಲ ಯಾರೋ ನನ್ನ ಬೆನ್ನಿಗೆ ಗುದ್ದಿದ ಹಾಗಾಗುತ್ತಿತ್ತು.

ಬಾಣಂತಿಯ ಮಧ್ಯಾಹ್ನಗಳು ವಿಚಿತ್ರ. ಮೆಣಸಿನ ಸಾರಿನಲ್ಲಿ ಕಲಸಿದ ಅನ್ನ ಉಂಡು ಮಲಗಿದರೆ ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಪರದೆ ಎಳೆದ ಕೋಣೆ, ಸಾಂಬ್ರಾಣಿಯ ಉಳಿದ ವಾಸನೆ, ಮಗುವಿನ ಸಣ್ಣ ಉಸಿರು, ಹೊರಗೆ ಗಾಳಿಯೋ ಮಳೆಯೋ ಗೊತ್ತಾಗದ ಸದ್ದು. ಆ ಹೊತ್ತಿನಲ್ಲಿ ಗೋಡೆಯೊಳಗಿಂದ ಹಾಡು ಬರುತ್ತಿತ್ತು. ಮೊದಲು ಕನಸು ಎಂದುಕೊಂಡೆ, ಆಮೇಲೆ ರೇಡಿಯೋ ಎಂದುಕೊಂಡೆ. ಆದರೆ ರೇಡಿಯೋದಲ್ಲಿ ಯಾರೂ ಒಂದೇ ಸಾಲನ್ನು ಅಷ್ಟು ಹೊತ್ತು ಹಾಡುವುದಿಲ್ಲ. ಆ ಸಾಲು ಒಮ್ಮೆ ಮೇಲೆ ಹೋಗುತ್ತಿತ್ತು, ಬೇಡವೆನ್ನಿಸಿ ಕೆಳಗಿಳಿಯುತ್ತಿತ್ತು, ನಡುವೆ ನಿಂತು ಯೋಚಿಸುತ್ತಿತ್ತು. ಯಾರೋ ಗೋಡೆಯ ಆಚೆ ಕೂತು ಹಾಡು ಕಟ್ಟುತ್ತಿದ್ದರು.

ಗೋಡೆ ಧಾಟಿಯನ್ನು ಬಿಡುತ್ತಿತ್ತು, ಮಾತನ್ನು ಬಿಡುತ್ತಿರಲಿಲ್ಲ. ಒಂದು ಶಬ್ದವೂ ತಿಳಿಯದೆ, ಸುಮ್ಮನೆ ಸ್ವರದ ಮೇಲೆ ತೇಲಿಕೊಂಡು ಮಲಗಿರುತ್ತಿದ್ದೆ. ಚಿಕ್ಕವಳಿದ್ದಾಗ ನಾನೂ ಸಂಗೀತದ ಪಾಠಕ್ಕೆ ಹೋಗಿ, ಮೇಷ್ಟ್ರಿಂದ ಬಯ್ಯಿಸಿಕೊಂಡು ಬಿಟ್ಟವಳು. ಸ್ವರ ಎಲ್ಲಿ ಜಾರುತ್ತದೆ ಎನ್ನುವಷ್ಟು ಕಿವಿ ಉಳಿದಿದೆ. ಈ ದನಿ ಜಾರುವಾಗ ಬೇಡಿಕೊಳ್ಳುತ್ತಿತ್ತು. ಹೊಟ್ಟೆಯಿಂದ ಎದ್ದು, ಮೇಲಿನ ಸ್ಥಾಯಿಗೆ ಹೋದಾಗ ಒಡೆಯುತ್ತಿತ್ತು, ಒಡೆದದ್ದನ್ನು ಮುಚ್ಚಿಡುತ್ತಿರಲಿಲ್ಲ. ಕೇಳುತ್ತ ಕೇಳುತ್ತ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಾಣಂತಿ ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಅಮ್ಮ ಗದರುತ್ತಿದ್ದಳು. ಗದರುವವಳೂ ಮಗುವಿನ ಕಾಲು ನೀವುತ್ತ ಅದೇ ಸಾಲನ್ನು ಗುನುಗುತ್ತಿದ್ದಳು.

"ಯಾವ ರಾಗವೇ ಇದು?" ಎಂದು ಒಂದು ದಿನ ಕೇಳಿದಳು.

"ರಾಗ ಅಲ್ಲಮ್ಮ, ಸೋಲ್ ಅಂತಾರೆ. ಅಮೆರಿಕದ ಕಪ್ಪು ಜನ ಚರ್ಚಲ್ಲಿ ಹಾಡ್ತಿದ್ದ ಥರಾನೇ ಹಾಡೋದು. ದೇವರ ಜಾಗದಲ್ಲಿ ಪ್ರೀತಿಸ್ದೋರನ್ನ ಕೂರ್ಸಿರ್ತಾರೆ, ಅಷ್ಟೇ."

"ಹಾಗಾದ್ರೆ ಭಜನೇನೇ" ಎಂದು ಅಮ್ಮ ತೀರ್ಮಾನ ಕೊಟ್ಟಳು.

ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಡಬ್ಲಿನ್ನಿನ ನಮ್ಮ ಕನ್ನಡದ ಗೆಳತಿಯರು ಬಂದರು, ದೊಡ್ಡಮ್ಮನನ್ನೂ ಕರೆದೆವು. ತೊಟ್ಟಿಲು ಎಂದರೆ ಸೆಕೆಂಡ್ ಹ್ಯಾಂಡಿನ ಮರದ ಕಾಟ್, ತೂಗಲು ಬರುವಂಥದ್ದಲ್ಲ. ಅಮ್ಮ ಅದರ ಕಾಲಿಗೆ ಹಗ್ಗ ಕಟ್ಟಿ ಜಗ್ಗಿ, ತೂಗಿತು ಎಂದು ಘೋಷಿಸಿದಳು. ಆಮೇಲೆ ಹಾಡುಗಳು. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಬಂದವರನ್ನು ಹಾಡಿಸದೆ ಬಿಡುವ ಪದ್ಧತಿಯಿಲ್ಲ. ಗಂಟಲು ಸರಿಯಿಲ್ಲ ಎಂದವರೂ ಕೊನೆಗೆ ನಾಲ್ಕು ಸಾಲು ಹೇಳಿಯೇ ಏಳಬೇಕು.

ಅಮ್ಮನೇ ಮೊದಲು ಕೂತಳು. ಅವಳಿಗೊಂದು ಚಾಳಿಯಿದೆ. ಭಜನಾ ಮಂಡಳಿಯ ಹೆಂಗಸರು ದೇವರ ಹಾಡುಗಳನ್ನು ತಾವೇ ಬರೆದುಕೊಳ್ಳುತ್ತಾರೆ, ಗೊತ್ತಿರುವ ಯಾವುದೋ ಹಾಡಿನ ಧಾಟಿಗೆ ಕೂರಿಸುತ್ತಾರೆ. ಉಳಿದವರು ಸುಮ್ಮನೆ ಹಾಡಿಬಿಡುತ್ತಾರೆ. ಅಮ್ಮ ಮಾತ್ರ ಧಾಟಿ ಯಾರದ್ದು ಎಂದು ಗಟ್ಟಿಯಾಗಿ ಹೇಳದೆ ಬಾಯಿ ತೆರೆಯುವುದಿಲ್ಲ. ಇದು ನಮ್ಮ ಸೋದರತ್ತೆಯವರ ಧಾಟಿ, ಇದು ಹಾಲು ತರುತ್ತಿದ್ದವಳು ಹೇಳುತ್ತಿದ್ದ ಧಾಟಿ, ಹೀಗೆ. ಚಿಕ್ಕಂದಿನಲ್ಲಿ ನಾವು ಅವಳ ಬೆನ್ನ ಹಿಂದೆ ನಿಂತು ಅಣಕಿಸುತ್ತಿದ್ದೆವು. ಧಾಟಿ ಕೊಟ್ಟವರನ್ನು ನೆನೆಯದೆ ಹಾಡಿದರೆ ಅದು ದೇವರಿಗೆ ಮುಟ್ಟುವುದಿಲ್ಲ ಎಂದು ಅವಳ ನಂಬಿಕೆ.

"ಹಾಡೋಕ್ ಮುಂಚೆ ಏನೋ ಹೇಳ್ತಾರಲ್ಲ, ಏನದು?" ದೊಡ್ಡಮ್ಮ ನನ್ನ ಕಿವಿಯಲ್ಲಿ ಕೇಳಿದರು.

"ಟ್ಯೂನ್ ಯಾರದ್ದು ಅಂತ ಹೇಳ್ತಿದಾಳೆ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ನಮಗೆ ತಲೆ ಚಿಟ್ಟು ಹಿಡಿದುಹೋಗಿದೆ."

ಅವರು ನಗಲಿಲ್ಲ. ಅಮ್ಮನನ್ನೇ ನೋಡುತ್ತ ಕೂತರು. ಜೋಗುಳ ಮುಗಿಸಿದ ಅಮ್ಮ ನೇರವಾಗಿ ಅವರತ್ತ ಕೈ ಮಾಡಿ, "ಅಕ್ಕ, ನೀವೊಂದು ಹಾಡು ಹೇಳಿ" ಎಂದಳು. ನನಗೆ ನಾಚಿಕೆಯಾಗಿ, ಹಾಗೆಲ್ಲ ಕೇಳಬಾರದು ಎಂದು ಕಣ್ಣಲ್ಲೇ ಗದರಿದೆ. ಆದರೆ ದೊಡ್ಡಮ್ಮನಿಗೆ ಅನುವಾದ ಬೇಕಾಗಲಿಲ್ಲ. ಐರ್ಲೆಂಡಿನಲ್ಲೂ ಇಂಥದ್ದೊಂದು ಪದ್ಧತಿಯಿದೆ: ನಾಲ್ಕು ಜನ ಸೇರಿದಲ್ಲಿ ಒಬ್ಬರು ಹಾಡಿದರೆ, ಮುಂದೆ ಯಾರು ಹಾಡಬೇಕು ಎಂದು ಕರೆಯುವ ಹಕ್ಕು ಹಾಡಿದವರದ್ದು. ನೋಬಲ್ ಕಾಲ್ ಎನ್ನುತ್ತಾರೆ.

"ನಿಮ್ಮಮ್ಮ ಹಾಡಿದಾರೆ, ಕರೆಯೋ ಹಕ್ಕು ಅವರದ್ದು. ಇಲ್ಲ ಅನ್ನೋ ಹಾಗಿಲ್ಲ" ಎಂದು ಕೋಸಂಬರಿಯ ತಟ್ಟೆ ಕೆಳಗಿಟ್ಟರು.

ಗೋಡೆಯ ಹಾಡು ಅಂದು ಮೊದಲ ಸಲ ಮಾತಿನೊಂದಿಗೆ ಬಂತು. ಬಾಗಿಲಿಗೆ ಚಿಲಕ ಹಾಕಿಲ್ಲ, ನೀನು ಬಂದ ದಿನ ತಳ್ಳಿದರೆ ಸಾಕು ಎನ್ನುವ ಹಾಡು. ಪ್ರಿಯಕರನಿಗೆ ಎಂದುಕೊಂಡು ಕೇಳುತ್ತಿದ್ದೆ. ನಡುವೆ ಒಂದು ಕಡೆ ಅದು ಮಗಳು ತಾಯಿಗೆ ಹೇಳುವ ಮಾತು ಎಂದು ತಿಳಿಯಿತು. ಟೀವಿಯ ಮುಂದೆ ಗಲಾಟೆ ಮಾಡುತ್ತಿದ್ದ ಮಕ್ಕಳು ಬಾಗಿಲಲ್ಲಿ ಬಂದು ನಿಂತವು. ಕಿಟಕಿಯಲ್ಲಿ ಮೂರೂವರೆಯ ಮಂದ ಬಿಸಿಲು, ಅದರಲ್ಲಿ ತೇಲುವ ಹೊಗೆ, ಹಗ್ಗ ಜಗ್ಗುವುದನ್ನು ಮರೆತ ಅಮ್ಮನ ಕೈ. ಹಾಡು ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಸ್ತ್ರದ ಹಾಡಿಗೆ ನಮ್ಮಲ್ಲಿ ಯಾರು ಚಪ್ಪಾಳೆ ತಟ್ಟುತ್ತಾರೆ, ಅದೂ ಮಗು ಆಗಷ್ಟೇ ನಿದ್ದೆ ಹೋದಾಗ! ದೊಡ್ಡಮ್ಮ ಒಂದು ಕ್ಷಣ ಕಾದರು. ಮುಖ ಬಾಡಿತು. ಕೋಟು ಎತ್ತಿಕೊಂಡು, ಮುಂದೆ ಯಾರನ್ನೂ ಕರೆಯದೆ, ಹಿಂಬಾಗಿಲಿನಿಂದ ಹೊರಟುಹೋದರು. ನಾನು ಬಾಣಂತಿ ಎನ್ನುವುದನ್ನೂ ಮರೆತು ಚಪ್ಪಲಿಯಿಲ್ಲದೆ ಒದ್ದೆ ಹುಲ್ಲಿನ ಮೇಲೆ ಓಡಿದೆ.

"ಮಗು ಮಲಗಿದೆ, ಅದಕ್ಕೇ ತಟ್ಟಲಿಲ್ಲ. ನಮ್ಮಮ್ಮಂಗೂ ತಟ್ಟಲಿಲ್ಲ, ನೋಡಿದ್ರಲ್ಲ!" ಎಂದು ಬೇಲಿಯ ಈಚೆಯಿಂದ ಕೂಗಿದೆ.

ಅವರು ತಿರುಗಿ ನಿಂತರು. "ಅದೂ ಹೌದು" ಎಂದು ನಕ್ಕರು. ನಗುತ್ತಲೇ ಬೇಲಿಗೆ ಒರಗಿ ಕಣ್ಣೊರೆಸಿಕೊಂಡರು. ಅವರ ಕಥೆಯನ್ನು ನನಗೆ ಹೇಳಿದ್ದು ಅಲ್ಲೇ ನಿಂತು, ಬೇಲಿಯ ಆಚೆಯಿಂದ.

ಹರೆಯದಲ್ಲಿ ಡ್ಯಾನ್ಸ್ ಹಾಲುಗಳಲ್ಲಿ ಹಾಡುತ್ತಿದ್ದರಂತೆ. ಅಜ್ಜಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತ ಒಂದು ಹಾಡು ಕಟ್ಟಿದರಂತೆ. ಅದನ್ನು ಕೇಳಿದ ಮ್ಯಾನೇಜರೊಬ್ಬ ಲಂಡನ್ನಿಗೆ ಕರೆದೊಯ್ದು ರೆಕಾರ್ಡ್ ಮಾಡಿಸಿದ. ರೆಕಾರ್ಡ್ ಕೈಗೆ ಬಂದಾಗ, ಹಾಡು ಬರೆದವರು ಎನ್ನುವಲ್ಲಿ ಅವನ ಹೆಸರಿತ್ತು. ಹಾಡಿದವರು ಎನ್ನುವಲ್ಲಿ ಯಾವುದೋ ಚೆಂದದ ಸುಳ್ಳು ಹೆಸರಿತ್ತು.

"ನನ್ ಹೆಸರು ಅಪ್ಪಟ ಐರಿಷ್. ಈ ಮುಖಕ್ಕೆ ಆ ಹೆಸರು ಹೊಂದಲ್ಲ, ಮಾರಾಟ ಆಗಲ್ಲ ಅಂದ್ರು" ಎಂದರು.

ಆಮೇಲೆ ಡಬ್ಲಿನ್ನಿಗೆ ಬಂದ ಮೇಲೆ, ಒಂದು ದೊಡ್ಡ ಸಭೆಯಲ್ಲಿ ಬೇರೆ ಯಾರೋ ಅದೇ ಹಾಡು ಹಾಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೊನೆಯ ಸಾಲಿನಲ್ಲಿದ್ದ ಇವರು ಪಕ್ಕದವನಿಗೆ, ಅದು ನಂದು ಎಂದರು. ಅವನು ನಕ್ಕನಂತೆ. ಅಂದಿನಿಂದ ಈ ತೊಟ್ಟಿಲು ಶಾಸ್ತ್ರದವರೆಗೆ ಯಾರೆದುರೂ ಹಾಡಿರಲಿಲ್ಲ, ಕಟ್ಟುವುದನ್ನು ಮಾತ್ರ ಬಿಡಲಾಗಲಿಲ್ಲ.

"ಇವಾಗ ಕಟ್ಟಿರೋವೆಲ್ಲ ನಂದು, ಲವ್. ಗೋಡೆ ದಾಟಿ ಒಂದೂ ಹೊರಗೆ ಹೋಗ್ಬಾರ್ದು. ಇನ್ನೊಂದ್ ಸಲ ಕಳ್ಕೊಳ್ಳೋ ಶಕ್ತಿ ನಂಗಿಲ್ಲ. ಮಾತು ಕೊಡು."

ಕೊಟ್ಟೆ. ಒಳಗೆ ಬಂದು ಅಮ್ಮನಿಗೂ ಒಂದಕ್ಷರ ಬಿಡದೆ ಹೇಳಿದೆ. ಅಮ್ಮ ಕುಂಕುಮದ ಬಟ್ಟಲು ಒರೆಸುತ್ತ "ಹೂಂ" ಎಂದಳು. ಅಮ್ಮನ ಆ "ಹೂಂ" ನನಗೆ ಹುಟ್ಟಿದಾಗಿನಿಂದ ಗೊತ್ತು, ಅದಕ್ಕೆ ನೂರು ಅರ್ಥ.

ವೀಸಾ ಮುಗಿದು ಅಮ್ಮ ಹೊರಟಳು. ಅಕ್ಕತಂಗಿಯರು ಬಾಗಿಲಲ್ಲಿ ಭಾಷೆಯಿಲ್ಲದೆಯೇ ಅತ್ತರು. ಆಮೇಲೆ ನಾನು ಕೆಲಸಕ್ಕೆ ಹೋಗತೊಡಗಿದೆ, ಬೆಳಗಿನ ಪಾಳಿ ಮುಗಿಸಿ ಬಂದು ಅದೇ ಕೋಣೆಯಲ್ಲಿ ಮಗುವಿನೊಂದಿಗೆ ಒರಗುತ್ತಿದ್ದೆ. ಗೋಡೆಯಲ್ಲಿ ಹಾಡಿನ ನಡುವೆ ಕೆಮ್ಮು ಸೇರಿಕೊಂಡಿತು. ಬರಬರುತ್ತ ಕೆಮ್ಮಿನ ನಡುವೆ ಹಾಡು ಇರುತ್ತಿತ್ತು. ಆಮೇಲೆ ಆಕ್ಸಿಜನ್ ಯಂತ್ರ ಬಂತು, ಗೋಡೆಯಲ್ಲಿ ಅದರ ಗುಂಯ್ ಎನ್ನುವ ಸದ್ದೊಂದೇ ಉಳಿಯಿತು. ನಿದ್ದೆ ತಿಳಿಯಾದಾಗ ಆ ಸದ್ದಿನೊಳಗೆ ಹಾಡನ್ನು ಹುಡುಕುತ್ತಿದ್ದೆ. ಮಗಳೂ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದಳು.

"ಫೋನಲ್ಲಾದ್ರೂ ರೆಕಾರ್ಡ್ ಮಾಡಿ ಇಟ್ಕೊಳ್ಳೋಣ, ಯಾರಿಗೂ ಕೊಡಲ್ಲ" ಎಂದು ಒಮ್ಮೆ ಸೂಪ್ ಕೊಡಲು ಹೋದಾಗ ಹೇಳಿ ನೋಡಿದೆ. ದೊಡ್ಡಮ್ಮ ಚಮಚ ಕೆಳಗಿಟ್ಟು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ. ಹಾಡುಗಳು ಅವರ ಜೊತೆಗೇ ಹೋಗುತ್ತವೆ ಎಂದು ನನಗೆ ಸಂಕಟವಾಗುತ್ತಿತ್ತು. ಆದರೂ ಅವು ಅವರವು.

ದಸರೆಯ ಹೊತ್ತಿಗೆ, ಸಿಟಿಯಿಂದ ಲುವಾಸ್ ಟ್ರಾಮಿನಲ್ಲಿ ಮನೆಗೆ ಬರುತ್ತಿದ್ದಾಗ ಫೋನಿಗೆ ಒಂದು ವಿಡಿಯೋ ತುಣುಕು ಬಂತು. ಅಮ್ಮನ ಗೆಳತಿಯೊಬ್ಬರು ಕಳಿಸಿದ್ದು. ಯಾರದೋ ಮನೆಯ ಗೊಂಬೆ ಆರತಿ, ರೇಷ್ಮೆ ಸೀರೆಗಳು, ತಾಳದ ಸದ್ದು. ಹಾಡಿನ ನಡುವಿನಿಂದ ಶುರುವಾಗುವ ತುಣುಕು. ಎರಡು ಸಾಲು ಕೇಳುವಷ್ಟರಲ್ಲಿ ಗುರುತು ಸಿಕ್ಕಿತು. ಮಾತು ಕನ್ನಡದ್ದು, ಗೌರಮ್ಮನನ್ನು ಮನೆಗೆ ಕರೆಯುವುದು, ಬಾಗಿಲು ತೆರೆದೇ ಇದೆ ತಾಯಿ ಎನ್ನುವುದು. ಧಾಟಿ ಗೋಡೆಯದು. ಮೇಲಿನ ಸ್ಥಾಯಿಯಲ್ಲಿ ಒಡೆಯುವ ಆ ಜಾಗವನ್ನೂ ಅಮ್ಮ ಬಿಟ್ಟಿರಲಿಲ್ಲ. ಇಡೀ ಮಂಡಳಿ ಒಟ್ಟಿಗೆ ಒಡೆಯುತ್ತಿತ್ತು. ಟ್ರಾಮು ಟಾಲಾದ ಕೊನೆಯ ನಿಲ್ದಾಣ ಮುಟ್ಟಿ, ಎಲ್ಲರೂ ಇಳಿದು, ಮತ್ತೆ ಸಿಟಿಯ ಕಡೆ ಹೊರಟಾಗಲೂ ನಾನು ಒಳಗೇ ಕೂತಿದ್ದೆ.

"ಬೇಡ ಅಂದಿದ್ರಲ್ಲಮ್ಮ! ನಾನು ಮಾತು ಕೊಟ್ಟಿದ್ದೆ! ಕದ್ದ ಹಾಗಲ್ವಾ ಇದು?" ಎಂದು ಫೋನಿನಲ್ಲಿ ಅರಚಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು.

"ಯಾರೇ ಕದ್ದಿದ್ದು? ಕದಿಯೋರು ಮುಚ್ಚಿಡ್ತಾರೆ. ನಾನೇನ್ ಮಾಡಿದೀನಿ ಅಂತ ಮೊದ್ಲು ಪೂರ್ತಿ ನೋಡು, ಕಳಿಸ್ತೀನಿ. ಅರ್ಧಂಬರ್ಧ ನೋಡ್ಕೊಂಡು ಹೆತ್ತವಳ ಮೇಲೆ ಕೂಗಾಡ್ಬೇಡ."

ಫೋನ್ ಕಟ್ ಮಾಡಿದೆ. ಅವಳು ಕಳಿಸಿದ್ದನ್ನು ತೆರೆಯಲಿಲ್ಲ. ಕಾಯಿಲೆಯವರಿಗೆ ಯಾಕೆ ಹೇಳ್ತೀಯ, ಸುಮ್ನಿರು ಎಂದ ಗಂಡ. ಆದರೆ ಅಷ್ಟರಲ್ಲಿ ತುಣುಕು ಡಬ್ಲಿನ್ನಿನ ನಮ್ಮ ಹೆಂಗಸರ ಗುಂಪಿಗೂ ಬಂದಿತ್ತು. ಇದು ನಿಮ್ಮ ಪಕ್ಕದ ಮನೆಯವರ ಹಾಡಲ್ಲವಾ ಎಂದು ತೊಟ್ಟಿಲು ಶಾಸ್ತ್ರಕ್ಕೆ ಬಂದಿದ್ದವಳೊಬ್ಬಳು ಕೇಳಿದ್ದಳು. ಬೇರೆಯವರ ಬಾಯಿಂದ ದೊಡ್ಡಮ್ಮನಿಗೆ ಗೊತ್ತಾದರೆ ನಾನು ಆ ಗೋಡೆಯ ಪಕ್ಕ ಹೇಗೆ ಮಲಗಲಿ? ಮರುದಿನ ಮಧ್ಯಾಹ್ನ ಹೋದೆ.

ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು, ಮೂಗಿಗೆ ಕೊಳವೆ. ನಿಂತುಕೊಂಡೇ ಎಲ್ಲ ಒದರಿದೆ. ಅಮ್ಮ ನಿಮ್ಮ ಧಾಟಿಗೆ ಹಾಡು ಬರೆದಿದ್ದಾಳೆ, ಮೈಸೂರಿನಲ್ಲಿ ಹೆಂಗಸರೆಲ್ಲ ಹಾಡುತ್ತಿದ್ದಾರೆ, ಫೋನಿನಿಂದ ಫೋನಿಗೆ ಓಡಾಡುತ್ತಿದೆ ಎಂದೆ. ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಅವರು ಕಿಟಕಿಯ ಹೊರಗೆ ನೋಡಿದರು.

"ನಿಮ್ಮಮ್ಮಾನಾ?"

"ಹೂಂ."

"ಹಾಕು. ನೋಡೋಣ."

ತುಣುಕು ಹುಡುಕಲು ಹೋಗಿ, ಮೇಲೆಯೇ ಇದ್ದ ಅಮ್ಮನ ಉದ್ದದ ವಿಡಿಯೋ ಒತ್ತಿದೆ. ಗೊಂಬೆಗಳ ಮೆಟ್ಟಿಲು ಕಂಡಿತು, ಅಡ್ಡ ಬಂದ ಯಾರದೋ ತಲೆ ಕಂಡಿತು. ಅಮ್ಮ ಸೆರಗು ಸರಿಮಾಡಿಕೊಂಡು, ತಾಳ ಮಡಿಲಲ್ಲಿಟ್ಟು, ಗಂಟಲು ಸರಿಮಾಡಿಕೊಂಡಳು. ಹಾಡಲಿಲ್ಲ. ಎಂದಿನಂತೆ, ನಮಗೆ ತಲೆ ಚಿಟ್ಟು ಹಿಡಿಸುವ ಅದೇ ದನಿಯಲ್ಲಿ, ಮಾತಾಡಿದಳು. ಮೊದಲು ದೊಡ್ಡಮ್ಮನ ಹೆಸರು. ಹುಟ್ಟಿದಾಗ ಇಟ್ಟ ಹೆಸರು, ಮನೆತನದ ಹೆಸರು, ಎರಡೂ, ನಿಧಾನವಾಗಿ, ಕೊನೆಗೆ ಒಂದು "ಅವರು" ಸೇರಿಸಿ. "ಇದು ಅವರ ಧಾಟಿ. ಅವರೇ ಕಟ್ಟಿದ್ದು. ಐರ್ಲೆಂಡ್ ದೇಶದ ಟಾಲಾದಲ್ಲಿದಾರೆ. ನನ್ ಮೊಮ್ಮಗಳ ತೊಟ್ಟಿಲಿಗೆ ಅವರೇ ಹಾಡಿದ್ರು." ಮಂಡಳಿಯ ಹೆಂಗಸರು ತಲೆಬಾಗಿ ಕೇಳಿದರು. ಆಮೇಲೆ ತಾಳ ಎದ್ದಿತು.

"ನಿಲ್ಸು" ಎಂದರು ದೊಡ್ಡಮ್ಮ.

ನಿಲ್ಲಿಸಿದೆ.

"ಹಿಂದಕ್ಕೆ ಹೋಗು. ಹಾಡಲ್ಲ. ಹಾಡಿಗೆ ಮುಂಚೆ ಹೇಳಿದ್ರಲ್ಲ, ಅದನ್ನ ಹಾಕು."

ಹಾಕಿದೆ. ಮತ್ತೆ ಹಾಕಿಸಿದರು. ಅಮ್ಮ ಮತ್ತೆ ಮತ್ತೆ ಸೆರಗು ಸರಿಮಾಡಿಕೊಂಡಳು, ಮತ್ತೆ ಮತ್ತೆ ಆ ಹೆಸರು ಹೇಳಿದಳು. ಮೈಸೂರಿನ ಒಂದು ನಡುಮನೆಯಲ್ಲಿ, ಗೊಂಬೆಗಳ ಎದುರು, ರೆಕಾರ್ಡಿನ ಮೇಲೆ ಬಾರದ ಹೆಸರು.

"ಪೂರ್ತಿ ಹೆಸರು" ಎಂದರು ದೊಡ್ಡಮ್ಮ. ಕೆನ್ನೆಯೆಲ್ಲ ಒದ್ದೆಯಾಗಿತ್ತು, ಕೊಳವೆಯೂ ಒದ್ದೆಯಾಗಿತ್ತು. "ನಮ್ಮಜ್ಜಿ ಬಯ್ಯೋವಾಗ ಮಾತ್ರ ಪೂರ್ತಿ ಕರೀತಿದ್ಲು."

ಇಬ್ಬರೂ ನಕ್ಕೆವು. ಅವರಿಗೆ ನಗಲು ಉಸಿರು ಸಾಲಲಿಲ್ಲ. ಕೊನೆಗೆ ಹಾಡನ್ನೂ ಕೇಳಿದರು, ಬೆರಳಿನಿಂದ ಕುರ್ಚಿಯ ಕೈ ತಟ್ಟುತ್ತ. ಇಡೀ ಮಂಡಳಿ ಒಡೆಯುವ ಜಾಗದಲ್ಲಿ, "ಗ್ರ್ಯಾಂಡ್" ಎಂದರು. ಮಾತಿನ ಅರ್ಥ ಕೇಳಿದರು, ಹೇಳಿದೆ. ತಾಯಿಯನ್ನೇ ಕರೀತಿದಾರೆ ಹಾಗಾದ್ರೆ, ಸರಿಯಾಗೇ ಇದೆ ಎಂದರು.

"ಹಾಡ್ಲಿ ಬಿಡು. ಎಲ್ಲಿ ಬೇಕಾದ್ರೂ ಹೋಗ್ಲಿ. ಆದ್ರೆ ಆ ಮುಂಚಿನ ಮಾತು ಜೊತೆಗೆ ಹೋಗ್ಬೇಕು. ನೀನು ಅದನ್ನ ಬರೆದು ಗಿರೆದು ಇಡ್ಬೇಡ, ಲವ್. ಕಾಗದದ ಮೇಲೆ ನನ್ನನ್ನ ಒಂದ್ಸಲ ಅಳಿಸಿದಾರೆ. ಬಾಯಲ್ಲಿ ಹೇಳು."

ಆದ್ದರಿಂದ ಇಲ್ಲೂ ಬರೆದಿಲ್ಲ. ಹೆಸರು ಬೇಕಾದವರು ಮೈಸೂರಿಗೆ ಹೋಗಬೇಕು, ದಸರೆಯ ಸಂಜೆ ಅಮ್ಮನ ಮಂಡಳಿ ಕೂತಲ್ಲಿಗೆ, ಹಾಡು ಶುರುವಾಗುವ ಮೊದಲೇ. ಆ ಮಧ್ಯಾಹ್ನದಿಂದ ಚಳಿಗಾಲದವರೆಗೆ ದೊಡ್ಡಮ್ಮ ತಮ್ಮ ಹಾಡುಗಳನ್ನು ಉಸಿರು ಸಿಕ್ಕಷ್ಟೇ ನನಗೆ ಹೇಳಿಕೊಟ್ಟರು, ನಾನು ಫೋನಿನಲ್ಲಿ ಅಮ್ಮನಿಗೆ ದಾಟಿಸಿದೆ. ಕೂಗಾಡಿದ್ದಕ್ಕೆ ಅಮ್ಮ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ, ಸಮಯ ಸಿಕ್ಕಾಗಲೆಲ್ಲ ಚುಚ್ಚುತ್ತಾಳೆ.

ಮಣ್ಣು ಮಾಡಿದ ಮೇಲೆ ಇಲ್ಲಿನ ರೂಢಿಯಂತೆ ಎಲ್ಲರೂ ಹೋಟೆಲಿನ ಒಂದು ಕೋಣೆಯಲ್ಲಿ ಟೀ, ಸ್ಯಾಂಡ್‌ವಿಚ್‌ಗೆ ಸೇರಿದೆವು. ನನ್ನ ಉರಿ ಇನ್ನೂ ಆರಿರಲಿಲ್ಲ. ನಮ್ಮ ಬೀದಿಯ ಮುದುಕರೊಬ್ಬರು ಎದ್ದು ಹಳೆಯ ಹಾಡೊಂದನ್ನು ಹಾಡಿದರು. ಜನ ಚಪ್ಪಾಳೆ ತಟ್ಟಿದರು. ಮುದುಕರು ಮುಂದೆ ಯಾರನ್ನು ಕರೆಯಲಿ ಎಂದು ಕಣ್ಣಾಡಿಸುತ್ತಿದ್ದಾಗ, ಶಾಲೆಯ ಆ ಹೆಂಗಸು ನನ್ನನ್ನು ತೋರಿಸಿ, "ಪಕ್ಕದ ಮನೆಯವಳನ್ನ ಕರೀರಿ. ಸತ್ತವರು ಹಾಡ್ತಿದ್ರು ಅಂತಾಳೆ" ಎಂದರು. ಮುದುಕರು ನನ್ನ ಕಡೆ ಕೈ ಚಾಚಿದರು.

ಇಲ್ಲ ಎನ್ನುವ ಹಾಗಿರಲಿಲ್ಲ. ಮಗಳನ್ನು ಗಂಡನ ಕೈಗೆ ಕೊಟ್ಟು ಎದ್ದೆ. ನಾನು ಹಾಡುವವಳಲ್ಲ. ಸೆರಗಿಲ್ಲದಿದ್ದರೂ ಅಮ್ಮನ ಹಾಗೆ ಕೋಟು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡೆ. ಮೊದಲು ಹೆಸರು ಹೇಳಿದೆ, ಪೂರ್ತಿ ಹೆಸರು. ಇದು ಅವರ ಧಾಟಿ, ಅವರೇ ಕಟ್ಟಿದ್ದು ಎಂದೆ. ಆಮೇಲೆ ಹಾಡಿದೆ.